ಬೆಳಕಿನ ಗೆರೆ ತುಂಡಾದ ಜಾಗ

ಸತ್ತ ಅಕ್ಕನ ಫೋಟೋ ತಂಗಿಯನ್ನು ಉಳಿಸಿತು. ಒಂಟಿಕೊಪ್ಪಲಿನಲ್ಲಿ ಈ ಕಥೆಯನ್ನು ಹೀಗೇ ಹೇಳುತ್ತಾರೆ. ನಲ್ಲಿಯ ಹತ್ತಿರ ಹೇಳುವವರು, ಆಲ್ಬಂ ತೆರೆದ ಕೂಡಲೇ ದೀಪ ತಾನಾಗಿ ಆರಿಹೋಯಿತು ಎಂದೂ ಸೇರಿಸುತ್ತಾರೆ. ದೀಪ ಆರಲಿಲ್ಲ. ಹಗಲು ಹನ್ನೊಂದು ಗಂಟೆಯಾಗಿತ್ತು, ದೀಪದ ತುಂಬ ಎಣ್ಣೆಯಿತ್ತು, ನಾವು ಅಲ್ಲಿಂದ ಹೊರಡುವಾಗಲೂ ಅದು ಉರಿಯುತ್ತಲೇ ಇತ್ತು. ನಾನು ಅಲ್ಲಿದ್ದೆ. ಆ ಆಲ್ಬಂ ಮಾಡಿದವಳು ನಾನೇ.

ಫೋಟೋ ಯಾರನ್ನೂ ಉಳಿಸುವುದಿಲ್ಲ. ಅದು ಬೆಳ್ಳಿಯ ಲವಣ ಹಚ್ಚಿದ ಒಂದು ಕಾಗದ. ಇನ್ನು 'ಉಳಿಸಿತು' ಎಂಬ ಮಾತು. ಯಾರನ್ನು, ಯಾವುದರಿಂದ, ಎಷ್ಟು ದಿನದ ಮಟ್ಟಿಗೆ ಎಂದು ಕೇಳಿದರೆ ಕಥೆ ಹೇಳುವವರು ಬೇರೆ ಮಾತು ತೆಗೆಯುತ್ತಾರೆ. ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಕೂಗಾಡಿ ನಾನು ಕಲಿತದ್ದು ಹೆಚ್ಚೇನಿಲ್ಲ. ಒಂದು ಮಾತು ಕೇಳುವುದಕ್ಕೆ ತೀರಾ ಇಂಪಾಗಿದ್ದರೆ ಅದರಲ್ಲಿ ಏನನ್ನೋ ಬಿಟ್ಟಿದ್ದಾರೆ ಎಂದು ಅರ್ಥ. ಬಿಟ್ಟದ್ದನ್ನು ಬರೆಯುತ್ತಿದ್ದೇನೆ.

ಮೈಸೂರಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ನನ್ನ ಸೋದರಮಾವನ ಸ್ಟುಡಿಯೋ. ಬಿ.ಎ. ಮುಗಿಸಿ ಮನೆಯಲ್ಲಿ ಕೂತು ಎಲ್ಲರ ಜೊತೆಗೂ ವಾದ ಮಾಡುತ್ತಿದ್ದ ನನ್ನನ್ನು ಅಮ್ಮ ಅಲ್ಲಿಗೆ ಅಟ್ಟಿದಳು. ನನ್ನದು ರಿಟಚಿಂಗ್ ಕೆಲಸ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮುಚ್ಚುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು. ಇಷ್ಟು ಕಲಿತ ಮೇಲೆ ಪ್ರಿಂಟ್ ಹಾಕುವುದನ್ನೂ ಮಾವ ನನಗೇ ಬಿಟ್ಟಿದ್ದರು.

ಒಂದು ಬೆಳಿಗ್ಗೆ ಒಂಟಿಕೊಪ್ಪಲಿನ ನಿವೃತ್ತ ವಿಜ್ಞಾನದ ಮೇಷ್ಟ್ರು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಒಳಗೆ ನಾಲ್ಕು ರೋಲಿನ ನೆಗೆಟಿವ್‌ಗಳು, ಒಂದೊಂದೂ ತೆಳು ಕಾಗದದ ಲಕೋಟೆಯಲ್ಲಿ, ನಂಬರು ಹಾಕಿ. ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕು.

"ಮೂವತ್ತೊಂದು ಇದೆ. ಕೊನೇದು ಖಾಲಿ," ಎಂದರು. "ದೊಡ್ಡ ಮಗಳು ತೆಗೆದದ್ದು. ಮದುವೇಲಿ ನಾನೇ ಕೊಡಿಸಿದ್ದ ಬಾಕ್ಸ್ ಕ್ಯಾಮೆರಾ. ಅವಳ ಟ್ರಂಕ್ ವಾಪಸ್ ಬಂದಾಗ ಸೀರೆ ಮಧ್ಯೆ ಇತ್ತು. ಫಿಲ್ಮು ನಾನೇ ತೊಳೆದೆ, ಮನೇಲಿ, ಬಚ್ಚಲಲ್ಲಿ."

ಮದುವೆಯಾದ ಹದಿನಾಲ್ಕು ತಿಂಗಳಿಗೆ ಗಂಡನ ಮನೆಯಲ್ಲಿ ಜ್ವರ ಬಂದು ಆಕೆ ತೀರಿಕೊಂಡಿದ್ದಳು. ವರ್ಷದ ತಿಥಿಗೆ ಇನ್ನು ಮೂರು ವಾರವಿತ್ತು. ಅಷ್ಟರೊಳಗೆ ಒಂದು ಆಲ್ಬಂ ಆಗಬೇಕು, ತಿಥಿಯ ದಿನ ಅದನ್ನು ಅಳಿಯನ ಮನೆಯವರ ಕೈಗೆ ಕೊಡಬೇಕು.

"ಎಡಗಡೆ ಫೋಟೋ. ಬಲಗಡೆ ಮೇಲೆ ಒಂದು ಭಾವನೆ, ನಾಲ್ಕೈದು ಸಾಲು. ಕೆಳಗೆ ಟಿಪ್ಪಣಿ. ಹೊತ್ತು, ಬೆಳಕು, ಶಟರು, ಕಾಗದ. ಟಿಪ್ಪಣಿ ಇಲ್ಲದ ಫೋಟೋ ಬರೀ ಅಲಂಕಾರ ಅಂತ ಅವಳಿಗೂ ಹೇಳ್ತಿದ್ದೆ. ಅವಳು ಟಿಪ್ಪಣಿ ಬರೆದಿಟ್ಟಿದಾಳೆ. ಭಾವನೆ ಬರೆದಿಲ್ಲ. ಅದನ್ನ ನೀನು ಬರೀಬೇಕಮ್ಮ, ಅವಳೇ ಬರೆದ ಹಾಗೆ. ಡಿಬೇಟಿನವಳಂತೆ ನೀನು."

"ಡಿಬೇಟಿನವರು ಇಲ್ಲದ್ದನ್ನ ಹೇಳಲ್ಲ ಸಾರ್."

"ಹೇಳೋದೇ ಅದನ್ನ ಕಣೇ," ಎಂದು ಮಾವ ನಕ್ಕರು. ಮೇಷ್ಟ್ರೂ ಸ್ವಲ್ಪ ನಕ್ಕರು. ಏಳುವಾಗ ಇನ್ನೊಂದು ಮಾತು ಹೇಳಿದರು. "ತಿಥಿ ದಿನವೇ ಚಿಕ್ಕವಳ ಮಾತೂ ಮುಗಿಸೋದು ಅಂತಿದೆ. ಅದೇ ಮನೆಗೇ ಕೊಡ್ತಿದೀವಿ."

ಅಕ್ಕ ಸತ್ತರೆ ತಂಗಿಯನ್ನು ಅದೇ ಭಾವನಿಗೆ ಕೊಡುವುದು ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳಲ್ಲಿ ನಡೆದಿತ್ತು. ಸಂಬಂಧ ಕೈತಪ್ಪಬಾರದು ಎನ್ನುತ್ತಾರೆ. ಆ ಹೊತ್ತಿಗೆ ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಮೊದಲ ಎರಡು ರೋಲು ಸಲೀಸಾಗಿ ಮುಗಿದವು. ಮದುವೆಯ ಆಸುಪಾಸಿನವು, ಹೊರಗಿನ ಬೆಳಕಿನಲ್ಲಿ ತೆಗೆದವು. ನೆಗೆಟಿವ್ ದೊಡ್ಡದಿದ್ದುದರಿಂದ ಕಾಗದಕ್ಕೆ ಒತ್ತಿಟ್ಟು ಅದೇ ಅಳತೆಗೆ ಪ್ರಿಂಟ್ ಹಾಕಿದರೆ ಸಾಕಾಗುತ್ತಿತ್ತು. ಕೆರೆಯ ಏರಿಯ ಮೇಲೆ ತಂಗಿ ನಿಂತ ಚಿತ್ರದ ಬಲಪುಟ ಹೀಗಿತ್ತು:

'ಗಾಳಿ ತಂಗಿಯ ಜಡೆ ಹಿಡಿದೆಳೆಯಿತು. ಅಲ್ಲಾಡದೆ ನಿಲ್ಲು ಎಂದೆ. ಗಾಳಿಗೂ ಅವಳಿಗೂ ನನ್ನ ಮಾತು ಕೇಳುವ ಅಭ್ಯಾಸವಿಲ್ಲ. ಕೆರೆಯೊಂದೇ ನಿಂತಿತು.

ಟಿಪ್ಪಣಿ: ಸಂಜೆ ನಾಲ್ಕೂವರೆ. ಬಿಸಿಲು ಬೆನ್ನ ಹಿಂದೆ. ಶಟರು ಇನ್‌ಸ್ಟಂಟ್. ಜಡೆಯ ತುದಿ ಅಲುಗಿದೆ. ಪ್ರಿಂಟಿನಲ್ಲಿ ಆಕಾಶಕ್ಕೆ ತುಸು ಹೆಚ್ಚು ಬೆಳಕು ಕೊಟ್ಟಿದೆ.'

ಮಾವ ಓದಿ, "ಸತ್ತೋರ ಬಾಯಲ್ಲಿ ಚೆನ್ನಾಗಿ ಮಾತಾಡ್ತೀಯ," ಎಂದರು. ನನಗೆ ಹೆಮ್ಮೆಯಾಯಿತು. ವೇದಿಕೆಯ ಮೇಲೆ ಯಾವ ಪಕ್ಷ ಕೊಟ್ಟರೂ ಮಾತಾಡಿ ಅಭ್ಯಾಸವಿದ್ದವಳಿಗೆ ಸತ್ತವಳ ಪಕ್ಷವೂ ಒಂದು ಪಕ್ಷವಾಗಿತ್ತು, ಅಷ್ಟೇ. ಮೂರನೆಯ ರೋಲಿನಲ್ಲಿ ಗಂಡನ ಮನೆಯ ಹಿತ್ತಿಲು, ತುಳಸಿಕಟ್ಟೆ, ಬೆಳಗಿ ಬೋರಲು ಹಾಕಿದ ಹಿತ್ತಾಳೆ ಪಾತ್ರೆಗಳು ಇದ್ದವು. ಅವಕ್ಕೂ ಬರೆದೆ.

ನಾಲ್ಕನೆಯ ರೋಲು ಪೂರ್ತಿ ಒಂದೇ ಕೋಣೆ. ಒಂದನೆಯದರಲ್ಲಿ ಸುತ್ತಿಟ್ಟ ಹಾಸಿಗೆ ಮತ್ತು ಒಂದು ತಂಬಿಗೆ. ಎರಡನೆಯದರಲ್ಲಿ ಅವಳದೇ ಪಾದಗಳು. ಬಾಕ್ಸ್ ಕ್ಯಾಮೆರಾಕ್ಕೆ ತೀರಾ ಹತ್ತಿರದ್ದು ಕಾಣುವುದಿಲ್ಲ, ಹಾಗಾಗಿ ಪಾದಗಳು ಹಿಟ್ಟಿನ ಮುದ್ದೆಯಂತೆ ಕಾಣುತ್ತವೆ. ಮೂರನೆಯದರಲ್ಲಿ ಸರಳು ಹಾಕಿದ ಕಿಟಕಿ. ನಾಲ್ಕರಿಂದ ಏಳರವರೆಗೆ ಬಾಗಿಲು. ಎಂಟನೆಯದು ಖಾಲಿ ಫಿಲ್ಮು.

ಬಾಗಿಲ ಚಿತ್ರಗಳಿಗೆ ನೋಟ್‌ಬುಕ್ಕಿನಲ್ಲಿ ಹೀಗಿತ್ತು. 'ನಾಲ್ಕು. ಬಾಗಿಲು. ಬೆಳಿಗ್ಗೆ ಎಂಟು. ಕ್ಯಾಮೆರಾ ಕಿಟಕಿ ಹಲಗೆ ಮೇಲೆ. ಶಟರು ತೆರೆದಿಟ್ಟು ಎಣಿಕೆ ಇಪ್ಪತ್ತು. ಐದು. ಬಾಗಿಲು. ಮಧ್ಯಾಹ್ನ ಒಂದು. ಎಣಿಕೆ ಹದಿನೈದು. ಆರು. ಬಾಗಿಲು. ಸಂಜೆ ಐದೂವರೆ. ಎಣಿಕೆ ನಲವತ್ತು. ಏಳು. ಬಾಗಿಲು. ಮರುದಿನ ಬೆಳಿಗ್ಗೆ ಎಂಟು. ಎಣಿಕೆ ಇಪ್ಪತ್ತು.'

ಎರಡು ಹಲಗೆಯ ಹಳೇ ಬಾಗಿಲು. ಹಲಗೆಗಳ ನಡುವೆ ಬಿರುಕು, ಬಿರುಕಿನಿಂದ ಆಚೆಯ ಬೆಳಕು ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆಯಾಗಿ ಬಂದಿದೆ. ನೆಗೆಟಿವ್‌ನಲ್ಲಿ ಅದು ಕಪ್ಪು ಗೆರೆ. ಆ ಗೆರೆಯ ಮಧ್ಯದಲ್ಲಿ ಒಂದು ಕಡೆ ಮಾತ್ರ ಅಕ್ಕಿಕಾಳಿನಷ್ಟು ಜಾಗ ಖಾಲಿ. ರಿಟಚ್ ಮಾಡುವವರಿಗೆ ಇಂಥ ಖಾಲಿ ಚುಕ್ಕೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಫಿಲ್ಮಿನ ಮೇಲೆ ಧೂಳು ಕೂತಿದ್ದರೆ ಅಲ್ಲಿ ಹೀಗೇ ತೂತು ಬೀಳುತ್ತದೆ, ಪೆನ್ಸಿಲ್ಲಿನಿಂದ ತುಂಬಿದರೆ ಸರಿಹೋಗುತ್ತದೆ. ನೆಗೆಟಿವ್‌ಗೆ ವಾರ್ನಿಷ್ ಸವರಿ, ಮರಳು ಕಾಗದದ ಮೇಲೆ ಪೆನ್ಸಿಲ್ ಮೊನೆ ಮಾಡಿ, ನಾಲ್ಕನೆಯದರಲ್ಲಿ ಗೆರೆ ಕೂಡಿಸಿದೆ. ಐದನೆಯದರಲ್ಲೂ ಕೂಡಿಸಿದೆ. ಗೆರೆ ಅಖಂಡವಾಯಿತು, ನೋಡಲು ಚೆನ್ನಾಗಿತ್ತು.

ಆರನೆಯದನ್ನು ಗಾಜಿನ ಮೇಲಿಟ್ಟಾಗ ಕೈ ನಿಂತಿತು. ಅದೇ ಜಾಗದಲ್ಲಿ, ಅದೇ ಅಳತೆಯ ತೂತು. ಧೂಳು ಮೂರು ನೆಗೆಟಿವ್‌ನಲ್ಲಿ ಒಂದೇ ಜಾಗದಲ್ಲಿ ಕೂರುವುದಿಲ್ಲ. ಏಳನೆಯದನ್ನು ತೆಗೆದು ಬೆಳಕಿಗೆ ಹಿಡಿದೆ. ಅಲ್ಲೂ ಇತ್ತು.

ಹತ್ತಿಗೆ ಟರ್ಪೆಂಟೈನ್ ಹಾಕಿ ನನ್ನ ಪೆನ್ಸಿಲ್ ಗುರುತು ಎರಡನ್ನೂ ಒರೆಸಿದೆ. ನಾಲ್ಕನೆಯದನ್ನು ಎನ್‌ಲಾರ್ಜರಿಗೆ ಹಾಕಿ ಆ ಭಾಗವನ್ನಷ್ಟೇ ದೊಡ್ಡದು ಮಾಡಿದೆ. ಒಳಗಡೆಯ ಚಿಲಕ ಮೇಲ್ಗಡೆ ಸರಿದು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಅದರ ಹಿಡಿ ಹೊಳೆಯುತ್ತಿತ್ತು. ಗೆರೆ ತುಂಡಾದದ್ದು ಅದಕ್ಕಿಂತ ಕೆಳಗೆ, ಬಾಗಿಲ ಅರ್ಧಕ್ಕಿಂತ ಒಂದು ಗೇಣು ಮೇಲೆ. ಅಲ್ಲಿ ಒಳಗಡೆ ಏನೂ ಇರಲಿಲ್ಲ. ಬೆಳಕನ್ನು ತಡೆದದ್ದು ಆಚೆ ಕಡೆ ಇತ್ತು.

ಮಾವನನ್ನು ಡಾರ್ಕ್ ರೂಮಿಗೆ ಕರೆದೆ.

"ಆಚೆಯಿಂದ ಚಿಲಕ ಹಾಕಿದೆ ಮಾವ."

"ಇರಬೋದು. ಏನೀಗ? ಮೈಮೇಲೆ ಅಮ್ಮ ಎದ್ದಿರಬೇಕು. ಸಿಡುಬು ಅಂತ ಬೇರೆ ಕೂರಿಸಿರ್ತಾರೆ."

"ಅಮ್ಮ ಎದ್ದವರಿಗೆ ಬೇವಿನ ಸೊಪ್ಪು ಕಟ್ತಾರೆ. ಚಿಲಕ ಹಾಕ್ತಾರಾ?"

"ಗಾಳಿಗೆ ಬಾಗಿಲು ಬಡ್ಕೋತಿತ್ತೇನೋ."

"ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮರುದಿನ. ನಾಲ್ಕು ಸಲವೂ ಗಾಳಿ?"

ಮಾವ ಪ್ರಿಂಟನ್ನು ನೀರಿನಿಂದೆತ್ತಿ ಹತ್ತಿರ ಹಿಡಿದರು. "ಚಿಲಕ ಅಂತ ನೀನು ಹೇಳ್ತೀಯ. ನನಗೆ ಕಾಣೋದು ಒಂದು ಕಪ್ಪು ಚುಕ್ಕೆ. ಚುಕ್ಕೆ ಇಟ್ಕೊಂಡು ಒಂದು ಸಂಸಾರದ ಮೇಲೆ ಮಾತಾಡ್ಬೇಡ."

ನ್ಯಾಯವಾದ ಆಕ್ಷೇಪ. ಉತ್ತರಕ್ಕೆ ಪರೀಕ್ಷೆಯೇ ಆಗಬೇಕು. ಸ್ಟುಡಿಯೋ ಹಿಂದಿನ ಸಾಮಾನಿನ ಕೋಣೆಗೂ ಅಂಥದೇ ಎರಡು ಹಲಗೆಯ ಬಾಗಿಲು, ಎದುರಿಗೆ ಕಿಟಕಿ. ಅದೇ ಜಾತಿಯ ಬಾಕ್ಸ್ ಕ್ಯಾಮೆರಾ ಕಪಾಟಿನಲ್ಲಿತ್ತು. ಕಿಟಕಿ ಹಲಗೆ ಮೇಲಿಟ್ಟು, ಇಪ್ಪತ್ತು ಎಣಿಸಿ ನಾಲ್ಕು ಚಿತ್ರ ತೆಗೆದೆ. ಬಾಗಿಲು ಸುಮ್ಮನೆ ಮುಚ್ಚಿದಾಗ ಒಂದು, ಒಳಗಿನ ಚಿಲಕ ಹಾಕಿದಾಗ ಒಂದು, ಆಚೆ ಹಗ್ಗ ಕಟ್ಟಿದಾಗ ಒಂದು. ಕೊನೆಯದಕ್ಕೆ ಮಾವ ಆಚೆಯಿಂದ ಚಿಲಕ ಹಾಕಿಕೊಂಡರು. ಅಷ್ಟರಲ್ಲಿ ಮುಂದೆ ಯಾರೋ ಗಿರಾಕಿ ಬಂದು ಅವರು ಹೊರಟುಹೋದರು. ನಾನು ಇಪ್ಪತ್ತು ಎಣಿಸಿ ಮುಗಿಸಿ, ಕೂಗಿ, ಬಡಿದು, ಸುಮ್ಮನಾದೆ. ಎಷ್ಟು ಹೊತ್ತೋ ತಿಳಿಯದು, ಹೆಚ್ಚೆಂದರೆ ಕಾಲು ಗಂಟೆ. ಬಾಗಿಲು ತೆಗೆದ ಮಾವ ನನ್ನ ಮುಖ ನೋಡಿ ತಮಾಷೆ ಮಾಡಲಿಲ್ಲ.

ಸುಮ್ಮನೆ ಮುಚ್ಚಿದ್ದಾಗ ಗೆರೆ ಪೂರ್ತಿ ಬಂತು. ಒಳಗಿನ ಚಿಲಕ ಹಾಕಿದಾಗ ಚಿಲಕವೇ ಕಾಣಿಸಿತು. ಹಗ್ಗ ತೆಳುವಾಗಿ, ಅಂಚು ಕರಗಿದ ಹಾಗೆ ಬಂತು. ಆಚೆಯ ಚಿಲಕ ಮಾತ್ರ ಅಕ್ಕಿಕಾಳಿನಷ್ಟು, ಅಂಚು ಖಚಿತವಾಗಿ. ಅದನ್ನೂ ಅವಳ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟೆವು. ಮಾವ ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಆ ವಾರವೇ ಅಳಿಯನ ಮನೆಗೆ ಹೋಗುವುದಿತ್ತು. ಆಲ್ಬಂನ ಕೊನೆಯ ಪುಟಕ್ಕೆ ಆತನ ಫೋಟೋ ಬೇಕೆಂದು ಮೇಷ್ಟ್ರು ಮೊದಲೇ ಹೇಳಿದ್ದರು. ನಂಜನಗೂಡು ರಸ್ತೆಯ ಕಡೆಯ ಮನೆ. ಅಳಿಯ ಮೆದು ಮಾತಿನ ಮನುಷ್ಯ. ನಮಗೆ ಕುರ್ಚಿ ತಂದುಹಾಕಿದ, ಸ್ಟ್ಯಾಂಡ್ ಹೊರಲು ಮಾವನಿಗೆ ಕೈಕೊಟ್ಟ. ಆತನ ಮುಖದಲ್ಲಿ ನಾನು ಏನನ್ನೋ ಹುಡುಕಿದೆ, ಸಿಗಲಿಲ್ಲ. ಮುಖ ಓದುವುದನ್ನು ನಾನು ನಂಬುವುದೂ ಇಲ್ಲ.

ಮಾವ ಆತನನ್ನು ಬೆಳಕಿಗೆ ಕೂರಿಸುತ್ತಿದ್ದಾಗ ನಾನು ಆತನ ತಾಯಿಯ ಜೊತೆ ಒಳಗೆ ಹೋದೆ. ನಡುಮನೆಯ ಮೂಲೆಯಲ್ಲಿ ಆ ಬಾಗಿಲಿತ್ತು. ಚಿಲಕ ಹೊರಗಡೆಗೆ, ನಾನು ನಿಂತ ಕಡೆ. ನೆಲದಿಂದ ಚಿಲಕಕ್ಕೆ ನನ್ನ ಕೈಯಲ್ಲಿ ಮೂರು ಮೊಳ, ಗೆರೆ ತುಂಡಾದ ಎತ್ತರವೇ.

"ಈ ಕೋಣೆ ಯಾವುದಮ್ಮ?"

"ಸಾಮಾನಿಂದು ಕಣಮ್ಮ. ಬೆಲ್ಲ, ಬೇಳೆ ಇಡ್ತೀವಿ. ಬೆಕ್ಕಿನ ಕಾಟ ಜಾಸ್ತಿ, ಅದಕ್ಕೇ ಆಚೆ ಚಿಲಕ ಹಾಕ್ಸಿದ್ವಿ."

"ಸೊಸೆ ಇಲ್ಲಿ ಮಲಗ್ತಿದ್ರಾ?"

"ಅಯ್ಯೋ, ಇಲ್ಯಾಕೆ ಮಲಗ್ತಾಳೆ? ಅವ್ಳು ಒಂದಿನಾನೂ ಈ ಕೋಣೇಲಿ ಮಲಗಿದ್ದಿಲ್ಲ ಬುಡು."

ಆ ರೋಲಿನ ಒಂದನೆಯ ನೆಗೆಟಿವ್‌ನಲ್ಲಿ ಹಾಸಿಗೆ ಇದೆ. ಎರಡನೆಯದರಲ್ಲಿ ಪಾದ. ಎದುರು ಪಕ್ಷ ತಾನಾಗಿ ಬಲೆಗೆ ಬಿದ್ದಾಗ ವೇದಿಕೆಯ ಮೇಲೆ ಎದೆಯಲ್ಲಿ ಏಳುತ್ತಿದ್ದ ಆ ಸಂತೋಷವೇ ಅಲ್ಲೂ ಎದ್ದಿತು. ಸತ್ತವಳ ಬಾಗಿಲ ಮುಂದೆ ನಿಂತು ನಾನು ಗೆದ್ದೆನೆಂದು ಖುಷಿಪಟ್ಟೆ. ಈ ಇಡೀ ಕೆಲಸದಲ್ಲಿ ನನ್ನ ಬಗ್ಗೆ ನನಗೆ ಹೇಸಿಗೆಯಾದದ್ದು ಆ ಒಂದು ಗಳಿಗೆಗೆ.

ಏನು ಸಾಬೀತಾಗಿತ್ತು? ಒಂದು ಹಗಲು ಮೂರು ಸಲ, ಮರುದಿನ ಬೆಳಿಗ್ಗೆ ಒಂದು ಸಲ ಆ ಬಾಗಿಲಿಗೆ ಆಚೆಯಿಂದ ಚಿಲಕವಿತ್ತು, ಒಳಗೆ ಅವಳಿದ್ದಳು. ಹಾಕಿದವರು ಯಾರು, ಯಾಕೆ, ಎಷ್ಟು ದಿನ, ಸಾವಿಗೂ ಅದಕ್ಕೂ ಸಂಬಂಧವೇನು, ಇವೊಂದೂ ಸಾಬೀತಾಗಿರಲಿಲ್ಲ. ಇಷ್ಟನ್ನೇ, ಇದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲದೆ, ಸ್ಟುಡಿಯೋಗೆ ಬಂದ ಮೇಷ್ಟ್ರಿಗೆ ಹೇಳಿದೆ.

ಅವರು ಪ್ರಿಂಟುಗಳನ್ನು ಸಾಲಾಗಿ ಜೋಡಿಸಿಕೊಂಡರು. "ಇದು ಪಾಠ ಕಣಮ್ಮ. ಒಂದೇ ವಸ್ತು, ಬೇರೆ ಬೇರೆ ಬೆಳಕು. ಎಣಿಕೆ ಎಷ್ಟಿರಬೇಕು ಅಂತ ಕಂಡುಕೊಳ್ಳೋದು. ನಾನೇ ಕಲಿಸಿದ್ದು."

"ಕೋಣೇಲಿ ತಂಬಿಗೆ ಇತ್ತು, ಹಾಸಿಗೆ ಇತ್ತು. ಬಾಗಿಲೇ ಯಾಕೆ ಸಾರ್?"

ಅವರು ಏಳನೆಯ ಪ್ರಿಂಟನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು.

"ಮನೆಗೆ ಕಾಗದ ಬರೆದಿದ್ರೆ ಯಾರಾದ್ರೂ ಒಡೆದು ಓದ್ತಿದ್ರು. ಟಿಪ್ಪಣಿ ಯಾರಿಗೆ ಅರ್ಥ ಆಗುತ್ತೆ? ಇದನ್ನ ಓದೋಕೆ ಬರೋದು ನಿಮಗೊಬ್ಬರಿಗೇ."

ಇದು ಸಾಕ್ಷ್ಯವಲ್ಲ, ನನ್ನ ಊಹೆ. ಈಗಷ್ಟೇ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ ಎಂದೆನಲ್ಲ, ಅದು ಅಲ್ಲಿಗೆ ಮುರಿಯಿತು. ಆದರೆ ಮೇಷ್ಟ್ರು ಅದನ್ನು ಅಲ್ಲಗಳೆಯಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಬಚ್ಚಲಲ್ಲಿ ಫಿಲ್ಮು ತೊಳೆದು ಬೆಳಕಿಗೆ ಹಿಡಿದೆ," ಎಂದರು. "ನಾನು ನೋಡಿದ್ದು ಎಕ್ಸ್‌ಪೋಶರ್ ಸರಿಯಿದೆಯಾ ಅಂತ. ಸರಿಯಾಗಿತ್ತು. ನಾಲ್ಕೂ ಸರಿಯಾಗಿತ್ತು. ಖುಷಿಯಾಯ್ತು ನನಗೆ."

ಮಾವ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

"ಚಿಕ್ಕವಳ ವಿಷಯ?" ಎಂದೆ.

"ಮಾತು ಕೊಟ್ಟಾಗಿದೆ. ಅವಳು ಇವಳ ಹಾಗಲ್ಲ, ಗಟ್ಟಿಗಿತ್ತಿ." ಪ್ರಿಂಟುಗಳನ್ನು ಒಟ್ಟುಮಾಡಿ ನನ್ನ ಕಡೆ ಸರಿಸಿ, "ಬಾಗಿಲ ಪುಟಕ್ಕೆ ಭಾವನೆ ನಾನೇ ಹೇಳ್ತೀನಿ, ಬರ್ಕೋ. 'ಬಾಗಿಲಾಚೆ ಬೆಳಕಿದೆ.' ಅಷ್ಟು ಸಾಕು," ಎಂದರು.

ಅವರು ಹೋದ ಮೇಲೆ ಮಾವ ನನಗೆ ಬುದ್ಧಿ ಹೇಳಿದರು. ಹೇಳಿದ್ದನ್ನು ಮಾಡಿ ಕೊಟ್ಟುಬುಡು, ನಾಳೆ ನಮ್ಮ ಸ್ಟುಡಿಯೋಗೆ ಯಾರು ಬರ್ತಾರೆ, ನಿನ್ನನ್ನ ಯಾರು ಮದುವೆಯಾಗ್ತಾರೆ, ಎಲ್ಲ. ಕೊನೆಗೆ, "ನಿನಗೆ ಅನ್ನಿಸಿದ್ದು ಮಾಡು, ನನಗೆ ತೋರಿಸ್ಬೇಡ," ಎಂದರು. ಆ ಸಾಮಾನಿನ ಕೋಣೆಯ ಬಾಗಿಲಿಗೆ ಅವರು ಅವತ್ತಿನಿಂದ ಚಿಲಕ ಹಾಕಿಲ್ಲ.

ಬಾಗಿಲ ನಾಲ್ಕು ಚಿತ್ರಗಳನ್ನೂ ಒಂದೇ ಪುಟಕ್ಕೆ ಸೇರಿಸಿ, ಅದರ ಬಲಪುಟಕ್ಕೆ ಎರಡು ಹಾಳೆ ಮಾಡಿದೆ. ಒಂದರಲ್ಲಿ ಮೇಷ್ಟ್ರ ಸಾಲು, ಕೆಳಗೆ ಮಗಳ ಟಿಪ್ಪಣಿ. ಇನ್ನೊಂದರಲ್ಲಿ ಭಾವನೆಯ ಜಾಗ ಖಾಲಿ. ಅವಳ ಬಾಯಿಂದ ಜಡೆಯ ಬಗ್ಗೆ, ಕೆರೆಯ ಬಗ್ಗೆ ಮಾತಾಡಿಸಿದ್ದೆ. ಆ ಕೋಣೆಯೊಳಗಿಂದ ಮಾತಾಡಿಸುವ ಹಕ್ಕು ನನಗಿರಲಿಲ್ಲ. ಅಲ್ಲಿ ಅವಳು ತಾನೇ ಮಾತಾಡಿದ್ದಳು. ಆ ಹಾಳೆಯಲ್ಲಿ ಅವಳ ಟಿಪ್ಪಣಿಯ 'ಎಣಿಕೆ ಇಪ್ಪತ್ತು' ಮುಗಿದ ಕೂಡಲೇ ನನ್ನದು ಶುರುವಾಗುತ್ತದೆ: 'ಈ ನಾಲ್ಕು ನೆಗೆಟಿವ್‌ಗಳ ಮೇಲೆ ಪೆನ್ಸಿಲ್ ಗುರುತಿಲ್ಲ, ಎರಡರ ಮೇಲೆ ಹಾಕಿದ್ದನ್ನು ಒರೆಸಿದ್ದೇನೆ. ನಾಲ್ಕರಲ್ಲೂ ಬೆಳಕಿನ ಗೆರೆ ಒಂದೇ ಜಾಗದಲ್ಲಿ ತುಂಡಾಗಿದೆ. ಆಚೆಯಿಂದ ಚಿಲಕ ಹಾಕಿದ ಬಾಗಿಲಿನ ಫೋಟೋವನ್ನು ಒಳಗಿನಿಂದ ತೆಗೆದರೆ ಗೆರೆ ಹೀಗೆ ತುಂಡಾಗುತ್ತದೆ. ಸ್ಟುಡಿಯೋದಲ್ಲಿ ಪರೀಕ್ಷಿಸಿ ತೆಗೆದ ಚಿತ್ರ ಪಕ್ಕದಲ್ಲಿದೆ.'

ತಿಥಿಯ ಹಿಂದಿನ ದಿನ ಆಲ್ಬಂ ಒಯ್ಯಲು ಬಂದವಳು ತಂಗಿ. ಹತ್ತೊಂಬತ್ತು ವರ್ಷ. ಕೆರೆಯ ಪುಟ ಓದಿ ಜೋರಾಗಿ ನಕ್ಕಳು.

"ಇದು ನಮ್ಮಕ್ಕ ಅಲ್ಲ."

"ಯಾಕೆ?"

"ಜಡೆ ಅಲುಗಿಸಿದ್ರೆ ಅವಳು ಇಷ್ಟೆಲ್ಲ ಎಲ್ಲಿ ಹೇಳ್ತಿದ್ಲು? ಕತ್ತೆ ಅಂತಿದ್ಲು, ಅಷ್ಟೇ."

ಬಾಗಿಲ ಪುಟದ ಎರಡೂ ಹಾಳೆಗಳನ್ನು ಅಂಟಿಸದೆ ಅವಳ ಮುಂದಿಟ್ಟೆ, ಬೆಲ್ಲದ ಕೋಣೆಯ ಮಾತನ್ನೂ ಹೇಳಿದೆ. ಅವಳು ಟಿಪ್ಪಣಿಯನ್ನು ಒಮ್ಮೆ ಓದಿದಳು, ಚಿತ್ರ ನೋಡಿದಳು, ಮತ್ತೆ ಓದಿದಳು. ಬೆರಳಿಟ್ಟು ಗೆರೆಯನ್ನು ಮೇಲಿನಿಂದ ಕೆಳಗೆ ಸವರಿ ತುಂಡಾದ ಕಡೆ ನಿಲ್ಲಿಸಿದಳು.

"ಅಪ್ಪ ನೋಡಿದಾರಾ?"

"ಚಿತ್ರ ನೋಡಿದಾರೆ, ನಾನು ಹೇಳಿದ್ದನ್ನೂ ಕೇಳಿದಾರೆ. ಈ ಹಾಳೆ ಬರೆದಿದೀನಿ ಅಂತ ಗೊತ್ತಿಲ್ಲ. ಅವರು ಬರೆಸಿದ ಹಾಳೆ ಅದು. ಯಾವುದು ಅಂಟಿಸಲಿ? ನಾನು ಹೇಳಲ್ಲ, ನೀನೇ ಹೇಳು."

ಅವಳು ಅಪ್ಪನ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗೋಂದು ಹಚ್ಚಿ," ಎಂದಳು.

ತಿಥಿಯ ದಿನ ನಾನೂ ಮಾವನೂ ಕ್ಯಾಮೆರಾ ಹಿಡಿದು ಮೇಷ್ಟ್ರ ಮನೆಗೆ ಹೋಗಿದ್ದೆವು. ಎಡೆ ಇಟ್ಟಾದ ಮೇಲೆ ಮೇಷ್ಟ್ರು ಆಲ್ಬಂ ತಂದು ಅಳಿಯನ ತಾಯಿಯ ಮುಂದಿಟ್ಟರು. ಆಕೆಗೆ ಓದು ಬರುವುದಿಲ್ಲ. ತಂಗಿ ಪಕ್ಕದಲ್ಲಿ ಕೂತು ಒಂದೊಂದೇ ಪುಟ ಗಟ್ಟಿಯಾಗಿ ಓದಿದಳು. ಜಡೆ, ಕೆರೆ, ತುಳಸಿ. ಹೆಂಗಸರು ಕಣ್ಣೊರೆಸಿಕೊಂಡರು. ಬಾಗಿಲ ಪುಟಕ್ಕೆ ಬಂದಾಗಲೂ ಅವಳ ದನಿ ಬದಲಾಗಲಿಲ್ಲ. 'ಬೆಳಿಗ್ಗೆ ಎಂಟು. ಎಣಿಕೆ ಇಪ್ಪತ್ತು.' ನಾಲ್ಕು ಹೊತ್ತನ್ನೂ ಓದಿ, ನನ್ನ ಟಿಪ್ಪಣಿಯನ್ನೂ ಓದಿ, ಆಲ್ಬಂ ತಿರುಗಿಸಿ ಆಕೆಯ ಕಣ್ಣಿಗೆ ಹಿಡಿದಳು. "ಅತ್ತೆ, ಇದು ಬೆಲ್ಲ ಇಡೋ ಕೋಣೆ ಅಲ್ವಾ?"

ಯಾರೂ ಕೂಗಾಡಲಿಲ್ಲ. ಅಳಿಯ ನೆಲ ನೋಡುತ್ತಿದ್ದ. ಮೇಷ್ಟ್ರು ನನ್ನ ಕಡೆ ನೋಡಿದರು, ಆಮೇಲೆ ನೋಡಲಿಲ್ಲ. ಯಾರೋ ಎಲೆ ಹಾಕಿದೆ ಏಳಿ ಎಂದರು. ಎಲ್ಲರೂ ಕೂತು ಊಟ ಮಾಡಿದರು. ಅವತ್ತು ಚಿಕ್ಕವಳ ಮಾತು ಯಾರೂ ತೆಗೆಯಲಿಲ್ಲ. ಮೂರನೆಯ ದಿನ ಆಲ್ಬಂ ಒಂದು ಬಟ್ಟೆಯಲ್ಲಿ ಸುತ್ತಿ ವಾಪಸ್ ಬಂತು. ಜಾತಕ ಕೂಡಿಬರಲಿಲ್ಲವಂತೆ.

ಒಂಟಿಕೊಪ್ಪಲಿನ ಕಥೆ ಇಲ್ಲಿಗೆ ಮುಗಿಯುತ್ತದೆ.

ನಾಲ್ಕು ತಿಂಗಳ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ಕಡಕೊಳದಿಂದ ರೈತರೊಬ್ಬರು ಮಗಳನ್ನು ಕರೆದುಕೊಂಡು ಸ್ಟುಡಿಯೋಗೆ ಬಂದರು. ಮಾವ ಇರಲಿಲ್ಲ.

"ಮಗೀದೊಂದು ಪಟ ತೆಗ್ದುಕೊಡಿ ಅವ್ವ. ಗಂಡಿನ ಕಡೆಯೋರು ಕೇಳವ್ರೆ."

ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ. ಹದಿನೇಳಿರಬಹುದು. "ಅಕ್ಕ, ಕಣ್ಣು ಮುಚ್ಕಂಡ್ರೆ ಇನ್ನೊಂದ್ಸಲ ತೆಗೀತೀರಾ?" ಎಂದು ಕೇಳಿದಳು. ತೆಗೆಯುತ್ತೇನೆ ಎಂದೆ. ದೀಪ ಸರಿಮಾಡುತ್ತ, ಸುಮ್ಮನೆ ಮಾತಿಗೆ, ಗಂಡು ಎಲ್ಲಿಯವರೆಂದು ಕೇಳಿದೆ. ಆಕೆಯ ಅಪ್ಪ ಹೇಳಿದರು. ನಂಜನಗೂಡು ರಸ್ತೆಯ ಕಡೆ ಮನೆ, ಒಬ್ಬನೇ ಮಗ, ತಾಯಿ ಇದ್ದಾರೆ. "ಮೊದ್ಲೊಂದು ಮದ್ವೆ ಆಗಿತ್ತು. ಆ ಎಣ್ಣುಮಗ ಜ್ವರದಲ್ಲಿ ಓಯ್ತಂತೆ, ಪಾಪ."

ಚಿತ್ರ ತೆಗೆದೆ. ಹುಡುಗಿ ಒಳಗೆ ಕನ್ನಡಿಯ ಮುಂದೆ ಹೂ ತೆಗೆಯುತ್ತಿದ್ದಾಗ ಆಕೆಯ ಅಪ್ಪನಿಗೆ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ನೀವು ಕಣ್ಣಾರೆ ನೋಡಿದ್ರಾ ಅವ್ವ?"

"ಇಲ್ಲ. ಫೋಟೋದಲ್ಲಿ..."

"ಪಟದಲ್ಲಿ ಮನ್ಸರಿಲ್ಲ, ಬಾಗ್ಲು ಅದೆ ಅಂತೀರಿ. ಆ ಮಗೀನ ಎತ್ತಪ್ಪ ಅವ್ನೆ ಅಂತೀರಲ್ಲ, ಅವ್ನೇನಂದ?"

"ಏನೂ ಅನ್ನಲಿಲ್ಲ."

"ಎತ್ತೋನೇ ಸುಮ್ಕವ್ನೆ. ನಾನು ಯಾರ ಮಾತ ನಂಬ್ಲಿ, ಏಳಿ? ನಿಮ್ಮೇಲೆ ಕ್ವಾಪ ಇಲ್ಲ. ಅವ್ನು ಬಂದು ನನ್ನ ಮುಂದೆ ಒಂದು ಮಾತು ಏಳ್ಲಿ. ಆಗ ಪಟಾನೂ ಬ್ಯಾಡ, ಮದ್ವೇನೂ ಬ್ಯಾಡ. ಸ್ವಾಮಾರ ಬತ್ತೀನಿ, ಪಟ ಇಸ್ಕೊಂಡು ಓಯ್ತೀನಿ."

ಚರ್ಚಾಕೂಟದ ನನ್ನ ಮೂರು ವರ್ಷದ ಬಹುಮಾನಗಳನ್ನು ಅವರು ನಾಲ್ಕು ಮಾತಿನಲ್ಲಿ ಕೆಳಗಿಟ್ಟರು. ಅವರ ವಾದದಲ್ಲಿ ತಪ್ಪಿರಲಿಲ್ಲ. ಪ್ರಿಂಟ್ ಹಾಕದೆ ಇಟ್ಟುಕೊಳ್ಳಬಹುದಿತ್ತು, ಆದರೆ ಮೈಸೂರಿನಲ್ಲಿ ಇನ್ನೂ ಎಷ್ಟೋ ಸ್ಟುಡಿಯೋಗಳಿವೆ.

ಭಾನುವಾರ ಮಧ್ಯಾಹ್ನ ಒಂಟಿಕೊಪ್ಪಲಿಗೆ ಹೋದೆ. ಮೇಷ್ಟ್ರು ಮುಂದಿನ ಕೋಣೆಯಲ್ಲಿ ಈಸಿಚೇರಿನಲ್ಲಿದ್ದರು. ಚಿಕ್ಕವಳು ನೀರು ತಂದಿಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು. ಕಡಕೊಳದವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳಿದೆ. ಮೇಷ್ಟ್ರು ಕೈಯ ನರಗಳನ್ನು ನೋಡಿಕೊಂಡರು.

"ನಮ್ಮ ಮಟ್ಟಿಗೆ ಅದು ಮುಗೀತಲ್ಲಮ್ಮ," ಎಂದರು. "ನಾನೇ ಬಾಯಿಬಿಟ್ಟು ಹೇಳಿದ್ರೆ, ಗೊತ್ತಿದ್ದೂ ಎರಡನೆಯವಳನ್ನ ಕೊಡೋಕೆ ಹೊರಟಿದ್ದ ಅಂತಾರೆ."

"ಅಂತಾರೆ," ಎಂದೆ. ಅದು ನಿಜವೇ ಆಗಿತ್ತು.

ಚಿಕ್ಕವಳು ಒಳಗೆ ಹೋಗಿ ಬೀರುವಿನಿಂದ ಆಲ್ಬಂ ತಂದು ನನ್ನ ತೊಡೆಯ ಮೇಲಿಟ್ಟಳು. ಮೇಷ್ಟ್ರು ಮುಖ ಆಚೆ ತಿರುಗಿಸಿದರು.

"ಮೂರು ಗಂಟೆಗೆ ಕಡಕೊಳಕ್ಕೆ ಬಸ್ಸಿದೆ ಸಾರ್. ಆಲ್ಬಂ ನಾನು ಹಿಡ್ಕೋತೀನಿ, ಓದೋದೂ ನಾನೇ ಓದ್ತೀನಿ. ನೀವು ನನ್ನ ಪಕ್ಕದಲ್ಲಿ ನಿಂತು, ಇದು ನನ್ನ ಮಗಳು ಒಳಗಡೆಯಿಂದ ತೆಗೆದದ್ದು ಅಂತ ಅವರಿಗೆ ಒಂದು ಮಾತು ಹೇಳ್ತೀರಾ?"